ಸಮುದ್ರದ ನೀರಿನಲ್ಲಿ ವಿದ್ಯುತ್ ಕೂಡಿಡುವ ಬ್ಯಾಟರಿ: ಬಯಲುಸೀಮೆಯ ನಮಗೆ ಅದರಿಂದ ಏನು ಸಿಕ್ಕೀತು?

ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಪಡಸಾಲೆಯಲ್ಲಿ ನಿಂತರೆ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಕಾಣುತ್ತವೆ. ಆಷಾಢ ಬಂತೆಂದರೆ ಅವು ಹಗಲಿರುಳೂ ತಿರುಗುತ್ತವೆ. ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಮಿಸ್, ನಾವೆಲ್ಲ ಮಲಗಿದ ಮೇಲೂ ಅವು ತಿರುಗುತ್ತಿರುತ್ತವಲ್ಲ, ಆ ಕರೆಂಟನ್ನು ಸಮುದ್ರದ ನೀರಿನಲ್ಲಿ ಕೂಡಿಡಬಹುದಂತೆ, ಹೌದೇ?" ಎಂದು ಕೇಳಿದಳು. ಕೊರಿಯಾ ದೇಶದಲ್ಲಿ ಸಮುದ್ರದ ನೀರನ್ನು ಬಳಸಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನು ರೂಪಿಸಿದ್ದಾರೆಂದು ಅವಳು ಅಣ್ಣನ ಮೊಬೈಲಿನಲ್ಲಿ ನೋಡಿದ್ದಳಂತೆ.

ನಾನು ಅವಳಿಗೆ ಉತ್ತರ ಕೊಡುವ ಬದಲು ಮರುದಿನ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಿದೆ. ನಾಲ್ಕು ಪ್ಲಾಸ್ಟಿಕ್ ಲೋಟಗಳಲ್ಲಿ, ಲೀಟರಿಗೆ 35 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರನ್ನು ತುಂಬಿದೆವು. ಸಮುದ್ರದ ನೀರಿನಲ್ಲಿ ಲವಣಾಂಶ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪ್ರತಿ ಲೋಟದ ಒಂದು ಬದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ತುಂಡು, ಇನ್ನೊಂದು ಬದಿಗೆ ಹಳೆಯ ಟಾರ್ಚ್ ಸೆಲ್ಲಿನ ಇಂಗಾಲದ ಕಡ್ಡಿಯ ಸುತ್ತ ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿ. ನಾಲ್ಕನ್ನೂ ಸರಣಿಯಲ್ಲಿ ಜೋಡಿಸಿದಾಗ ಸಣ್ಣ ಕೆಂಪು ಎಲ್‌ಇಡಿ ಬೆಳಗಿತು. ಮಕ್ಕಳ ಸಂತೋಷ ಹೇಳತೀರದು. ಆದರೆ ಮರುದಿನ ಬೆಳಗ್ಗೆ ಬಂದು ನೋಡಿದರೆ ದೀಪ ತೀರ ಮಂಕಾಗಿತ್ತು.

ನನ್ನ ಪ್ರಶ್ನೆಗಳು ಎರಡು. ನಾವು ಮಾಡಿದ್ದೂ ಆ ಕೊರಿಯಾದ ಬ್ಯಾಟರಿಯೂ ಒಂದೇ ತತ್ತ್ವದವೇ? ನಮ್ಮ ಭಾಗದ ಕೊಳವೆಬಾವಿಗಳ ಸವುಳು ನೀರಿನಲ್ಲಿ ಅಂತಹ ಬ್ಯಾಟರಿ ನಡೆದೀತೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಮಕ್ಕಳಿಗೆ ತಪ್ಪು ಹೇಳಿಕೊಡಲು ನನಗೆ ಮನಸ್ಸಿಲ್ಲ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಮೇಡಂ, ಎರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ "ಉಪ್ಪುನೀರಿನಿಂದ ಕರೆಂಟು" ಎಂಬ ಹೆಸರಿನಲ್ಲಿ ಓಡಾಡುವ ವಿಡಿಯೊಗಳಲ್ಲಿ ಹೆಚ್ಚಿನವು ಇವೆರಡನ್ನೂ ಕಲಸಿಬಿಡುತ್ತವೆ.

ನಿಮ್ಮ ಲೋಟದಲ್ಲಿ ಶಕ್ತಿ ಇದ್ದದ್ದು ಅಲ್ಯೂಮಿನಿಯಂ ಹಾಳೆಯಲ್ಲಿ. ಬಾಕ್ಸೈಟ್ ಅದಿರಿನಿಂದ ಆ ಲೋಹವನ್ನು ಬೇರ್ಪಡಿಸುವಾಗ ಕಾರ್ಖಾನೆಯಲ್ಲಿ ಅಪಾರ ವಿದ್ಯುತ್ತನ್ನು ಸುರಿದಿರುತ್ತಾರೆ. ಹಾಳೆ ಸವೆಯುತ್ತ ಹೋದಂತೆ ಅದರ ಸ್ವಲ್ಪ ಭಾಗ ನಿಮ್ಮ ದೀಪಕ್ಕೆ ದಕ್ಕಿತು. ಉಪ್ಪುನೀರು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಓಡಾಡುವ ದಾರಿಯಾಗಿತ್ತು, ಅಷ್ಟೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟಾರ್ಪೆಡೊಗಳಿಗಾಗಿ ರೂಪಿಸಿದ ಮೆಗ್ನೀಸಿಯಂ ಮತ್ತು ಬೆಳ್ಳಿಯ ಕ್ಲೋರೈಡಿನ ಬ್ಯಾಟರಿಯೂ ಈ ಜಾತಿಯದೇ. ಅದನ್ನು ವರ್ಷಗಟ್ಟಲೆ ಒಣಗಿಸಿ ಇಟ್ಟಿದ್ದರೂ ಸಮುದ್ರದ ನೀರು ಒಳಹೊಕ್ಕೊಡನೆ ಎಚ್ಚರಗೊಳ್ಳುತ್ತದೆ, ಲೋಹ ಮುಗಿದೊಡನೆ ಸಾಯುತ್ತದೆ. 2022ರ ಆಗಸ್ಟ್‌ನಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸಾಗರ ಅನ್ವೇಷಿಕಾ ನೌಕೆಯಲ್ಲಿ ಅನಾವರಣಗೊಂಡ 'ರೋಶನಿ' ಲಾಂದ್ರವೂ, ಸಮುದ್ರದ ನೀರನ್ನು ಎರಡು ವಿದ್ಯುದ್ವಾರಗಳ ನಡುವಿನ ದ್ರವವಾಗಿ ಬಳಸಿಯೇ ಎಲ್‌ಇಡಿ ಬೆಳಗಿಸುತ್ತದೆ. ಮೀನುಗಾರರಿಗೆ ಅದು ನಿಜಕ್ಕೂ ಉಪಯುಕ್ತ ವಸ್ತು. ಆದರೆ ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಕೂಡಿಡುವ ವಿಷಯ.

ದಕ್ಷಿಣ ಕೊರಿಯಾದ ಉಲ್ಸಾನ್ ನಗರದ ವಿಜ್ಞಾನ ತಂತ್ರಜ್ಞಾನ ಸಂಸ್ಥೆಯಲ್ಲಿ ಕಿಮ್ ಯಂಗ್‌ಸಿಕ್ ಅವರ ತಂಡ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೆಳೆಸಿಕೊಂಡು ಬಂದ ಬ್ಯಾಟರಿಯನ್ನು ಎರಡು ಕೋಣೆಗಳ ಮನೆಯೆಂದು ಭಾವಿಸಿಕೊಳ್ಳಿ. ಒಳಕೋಣೆಯಲ್ಲಿ ನೀರಿನ ಹನಿಯೂ ಇಲ್ಲ, ಅಲ್ಲಿರುವುದು ಸಾವಯವ ದ್ರವ ಮತ್ತು ಒಂದು ಲೋಹದ ತಗಡು. ಹೊರಕೋಣೆ ಸಮುದ್ರಕ್ಕೆ ತೆರೆದುಕೊಂಡಿದೆ, ಅಲ್ಲಿ ಕಂಬಳಿಯಂತಹ ಇಂಗಾಲದ ಹಾಸು ಇದೆ. ನಡುವೆ ಒಂದು ಪಿಂಗಾಣಿಯ ಗೋಡೆ. ಆ ಗೋಡೆ ಸೋಡಿಯಂ ಅಯಾನುಗಳನ್ನು ಮಾತ್ರ ಹಾಯಗೊಡುತ್ತದೆ, ನೀರನ್ನು ತಡೆಯುತ್ತದೆ. ಚಾರ್ಜ್ ಮಾಡುವಾಗ ಸಮುದ್ರದ ನೀರಿನ ಸೋಡಿಯಂ ಗೋಡೆ ದಾಟಿ ಒಳಗಿನ ತಗಡಿನ ಮೇಲೆ ಲೋಹವಾಗಿ ಕೂರುತ್ತದೆ, ಹೊರಗಡೆ ನೀರು ಒಡೆದು ಆಮ್ಲಜನಕ ಹೊರಬೀಳುತ್ತದೆ. ವಿದ್ಯುತ್ತನ್ನು ಮರಳಿ ಪಡೆಯುವಾಗ ಸೋಡಿಯಂ ಸಮುದ್ರಕ್ಕೆ ಹಿಂದಿರುಗುತ್ತದೆ, ಆಗ ನೀರಿನಲ್ಲಿ ಕರಗಿರುವ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಪಡೆದು ಹೈಡ್ರಾಕ್ಸೈಡ್ ಆಗುತ್ತದೆ, ಹಾಗಾಗಿ ಹಾಸಿನ ಬಳಿ ಕ್ಷಾರ ಹೆಚ್ಚುತ್ತದೆ. ಇಲ್ಲಿಯೂ ಸಮುದ್ರ ಶಕ್ತಿಯನ್ನು ಕೊಡುವುದಿಲ್ಲ. ಶಕ್ತಿ ನಿಮ್ಮ ಜೋಗಿಮಟ್ಟಿಯ ಗಾಳಿಯದೋ ಬಿಸಿಲಿನದೋ ಆಗಿರಬೇಕು.

ಇದರ ದೊಡ್ಡ ಅನುಕೂಲವೆಂದರೆ ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ಸೋಡಿಯಂ ತುಂಬಬೇಕಾಗಿಲ್ಲ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 10.8 ಗ್ರಾಂ ಸೋಡಿಯಂ ಇದೆ. ಲಿಥಿಯಂ ಲೀಟರಿಗೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಭಾಗವೂ ಇಲ್ಲ.

ರೈತ, ಚಳ್ಳಕೆರೆ ತಾಲ್ಲೂಕು

ಸರ್, ನೀವು ಬರೆದಿದ್ದನ್ನು ಎರಡು ಸಲ ಓದಿದೆ, ಅರ್ಥವಾಯಿತು. ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ. ಅದರಲ್ಲಿ ಒಂದಷ್ಟು ಪಾಲು ರಾತ್ರಿಯದು. ಶೇಂಗಾ ಹೊಲಕ್ಕೆ ನೀರು ಹಾಯಿಸಲು ಸರಿರಾತ್ರಿಯಲ್ಲಿ ಟಾರ್ಚ್ ಹಿಡಿದು ಹೋಗುವವರಿಗೆ ಕೂಡಿಟ್ಟ ಕರೆಂಟಿನ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಸಮುದ್ರ ನಮಗೆ ಘಟ್ಟದಾಚೆ. ಆದರೆ ಉಪ್ಪಿನ ನೀರಿಗೇನು ಕಡಿಮೆ? ನನ್ನ ಹಳೆಯ ಬೋರಿನ ನೀರನ್ನು ಬಾಯಿಗೆ ಹಾಕಲಾಗದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಹೋಗುವ ಸವುಳು ನೀರು ದಿನವಿಡೀ ಚರಂಡಿ ಸೇರುತ್ತದೆ. ಆ ನೀರಿನಲ್ಲಿ ಇಂತಹ ಬ್ಯಾಟರಿ ಇಟ್ಟು, ಹಗಲು ಸೋಲಾರಿನಿಂದ ಚಾರ್ಜ್ ಮಾಡಿ, 5 ಎಚ್‌ಪಿ ಮೋಟಾರನ್ನು ನಾಲ್ಕು ಗಂಟೆ ನಡೆಸಲು ಎಷ್ಟು ದೊಡ್ಡ ತೊಟ್ಟಿ ಬೇಕಾದೀತು? ಅಂದಾಜಿನಲ್ಲಾದರೂ ಲೆಕ್ಕ ಹೇಳಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಲೆಕ್ಕ ಹಾಕೋಣ. ಬ್ಯಾಟರಿ ಸುಮಾರು 3 ವೋಲ್ಟಿನಲ್ಲಿ ವಿದ್ಯುತ್ ಕೊಡುತ್ತದೆಂದು ಇಟ್ಟುಕೊಂಡರೆ, ಒಂದು ಯೂನಿಟ್ ಎಂದರೆ ಸುಮಾರು 333 ಆಂಪಿಯರ್-ಗಂಟೆ. ಫ್ಯಾರಡೆಯ ನಿಯಮದಂತೆ ಇದಕ್ಕೆ 286 ಗ್ರಾಂ ಸೋಡಿಯಂ ಗೋಡೆ ದಾಟಬೇಕು. ಅಷ್ಟು ಸೋಡಿಯಂ 27 ಲೀಟರಿನಷ್ಟು ಸಮುದ್ರದ ನೀರಿನಲ್ಲಿದೆ, ಎಂದರೆ ಎರಡು ಕೊಡಗಳಿಗಿಂತ ಕಡಿಮೆ. ಇಲ್ಲಿಯವರೆಗೆ ಲೆಕ್ಕ ಆಸೆ ಹುಟ್ಟಿಸುತ್ತದೆ.

ಈಗ ಮರಳಿ ಪಡೆಯುವ ಲೆಕ್ಕ ನೋಡಿ. ಅದೇ ಒಂದು ಯೂನಿಟ್ಟಿಗೆ ಸುಮಾರು 100 ಗ್ರಾಂ ಆಮ್ಲಜನಕ ಬೇಕು. ಬೆಚ್ಚಗಿನ ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ 7 ಮಿಲಿಗ್ರಾಮಿನ ಆಸುಪಾಸು. ಹಾಗಾದರೆ ಒಂದು ಯೂನಿಟ್ಟಿಗೆ 14 ಸಾವಿರ ಲೀಟರ್ ನೀರು ಆ ಇಂಗಾಲದ ಹಾಸನ್ನು ಸವರಿಕೊಂಡು ಹೋಗಬೇಕು. ನಿಮ್ಮ 5 ಎಚ್‌ಪಿ ಮೋಟಾರಿಗೆ ನಾಲ್ಕು ಗಂಟೆಗೆ ಕನಿಷ್ಠ 15 ಯೂನಿಟ್ ಬೇಕು. ನೀರು 2 ಲಕ್ಷ ಲೀಟರ್ ದಾಟಿತು, ಅಂದರೆ ಒಂದು ಸಾಧಾರಣ ಕೃಷಿ ಹೊಂಡದಷ್ಟು. ಕಡಲಿನಲ್ಲಿ ಅಲೆ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ. ತೊಟ್ಟಿಯಲ್ಲಾದರೆ ಗಾಳಿ ಊದಬೇಕು, ಊದಲು ಮತ್ತೆ ವಿದ್ಯುತ್ ಬೇಕು.

ನಿಮ್ಮ ಬೋರಿನ ನೀರಿನ ವಿಷಯ. ಲೀಟರಿಗೆ 2 ಗ್ರಾಂ ಲವಣವಿದ್ದರೆ ನಾಲಿಗೆಗೆ ಅದು ಕಟು ಉಪ್ಪು, ಆದರೆ ಸಮುದ್ರದ ಮುಂದೆ ಅದು ಹದಿನೇಳನೆಯ ಒಂದು ಭಾಗ. ವಿದ್ಯುತ್ ಹರಿಯಲು ಅದು ಒಡ್ಡುವ ತಡೆ ಸಮುದ್ರದ ನೀರಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಜೊತೆಗೆ ನಮ್ಮ ನೀರು ಗಡಸು. ವಿದ್ಯುತ್ ಮರಳಿ ಪಡೆಯುವಾಗ ಹಾಸಿನ ಬಳಿ ಕ್ಷಾರ ಹೆಚ್ಚುತ್ತದೆಂದು ಹಿಂದೆ ಬರೆದೆನಲ್ಲ, ಆ ಕ್ಷಾರಕ್ಕೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಿಕ್ಕರೆ ಬಿಳಿಯ ಹರಳುಗಟ್ಟಿ ಕೂರುತ್ತದೆ. ಸಮುದ್ರದ ನೀರಿನಲ್ಲಿಯೂ ಈ ತೊಂದರೆ ಇದೆ. ನಿಮ್ಮ ಮನೆಯ ಗೀಜರಿನ ಕಾಯಿಲ್ ಮೇಲೆ ಕಟ್ಟುವ ಸುಣ್ಣದ ಪದರವನ್ನು ನೆನಪಿಸಿಕೊಳ್ಳಿ.

ಯುಪಿಎಸ್ ಬ್ಯಾಟರಿ ಅಂಗಡಿ, ಪಿ.ಬಿ. ರಸ್ತೆ, ದಾವಣಗೆರೆ

ಮೇಷ್ಟ್ರೇ, ನಮಸ್ಕಾರ. ಇಪ್ಪತ್ತು ವರ್ಷಗಳ ಹಿಂದೆ ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿದವನು ನಾನು. ಗಡಸು ನೀರಿನ ಬಗ್ಗೆ ನೀವು ಹೇಳಿದ್ದನ್ನು ನಾನು ದಿನವೂ ಕಣ್ಣಾರೆ ಕಾಣುತ್ತೇನೆ. ಡಿಸ್ಟಿಲ್ಡ್ ವಾಟರ್ ಕೊಳ್ಳಲು ಬೇಸರಪಟ್ಟು ನಲ್ಲಿಯ ನೀರನ್ನೋ ಬೋರಿನ ನೀರನ್ನೋ ಹಾಕುವವರಿದ್ದಾರೆ. ಹೋದ ತಿಂಗಳು ಅಂತಹ ಒಂದು 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ ಬಂದಿತ್ತು. ಚೆನ್ನಾಗಿ ಚಾರ್ಜ್ ಆದ ಸೆಲ್ಲಿನಲ್ಲಿ, ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.240ರ ಮೇಲೆ ತೋರಿಸಬೇಕು. ಅದರಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ತೇಲುಗಡ್ಡಿ 1.150ನ್ನು ದಾಟಲಿಲ್ಲ. ಮುಚ್ಚಳ ಬಿಚ್ಚಿ ಇಣುಕಿದರೆ ಫಲಕಗಳ ಮೇಲೆ ಬೂದುಬಿಳಿಯ ಪದರ, ತಳದಲ್ಲಿ ಕೆಸರು.

ನನಗೆ ಅನಿಸುವುದನ್ನು ಹೇಳುತ್ತೇನೆ. ಆ ಬ್ಯಾಟರಿಯ ತೂಕ ಐವತ್ತು ಕಿಲೋ ದಾಟುತ್ತದೆ, ಅದರಲ್ಲಿ ಕೂಡಿಡುವುದು 1.8 ಯೂನಿಟ್. ನಿಮ್ಮ ಲೆಕ್ಕದಂತೆ ಅಷ್ಟಕ್ಕೆ ಅರ್ಧ ಕಿಲೋ ಸೋಡಿಯಂ ಸಾಕು. ಪೆಟ್ಟಿಗೆ, ಗೋಡೆ, ಹಾಸು ಎಲ್ಲ ಸೇರಿದರೂ ತೂಕದಲ್ಲಿ ಲಾಭವಾದೀತು. ಆದರೆ ಗಿರಾಕಿ ಕೇಳುವುದು ತೂಕವನ್ನಲ್ಲ. ಎಷ್ಟು ವರ್ಷ ಬರುತ್ತದೆ, ಕೆಟ್ಟರೆ ಯಾರು ನೋಡುತ್ತಾರೆ, ಹಳೆಯದನ್ನು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ ಎಂಬ ಮೂರನ್ನೇ ಕೇಳುತ್ತಾನೆ. ಸೀಸಕ್ಕೆ ಗುಜರಿಯಲ್ಲಿ ಬೆಲೆ ಇದೆ. ಈ ಪಿಂಗಾಣಿ ಗೋಡೆ ಬಿರುಕು ಬಿಟ್ಟರೆ ಏನು ಗತಿ ಎಂದು ಬಲ್ಲವರು ತಿಳಿಸಬೇಕು.

ಪದಾರ್ಥ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಊರು ಹೊಳಲ್ಕೆರೆ

ಗೋಡೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅಂತಹದೇ ಬಿಲ್ಲೆಗಳನ್ನು ಮಾಡುವುದು ನನ್ನ ದಿನನಿತ್ಯದ ಕೆಲಸ. ಅದರ ಹೆಸರು ನ್ಯಾಸಿಕಾನ್. ಸೋಡಿಯಂ, ಜಿರ್ಕೋನಿಯಂ, ಸಿಲಿಕಾನ್, ರಂಜಕ, ಆಮ್ಲಜನಕ ಸೇರಿದ ವಸ್ತು ಅದು. 1976ರಲ್ಲಿ ಹಾಂಗ್ ಮತ್ತು ಜಾನ್ ಗುಡೆನಫ್ ಅದನ್ನು ಲೋಕದ ಗಮನಕ್ಕೆ ತಂದರು. ಲಿಥಿಯಂ ಅಯಾನು ಬ್ಯಾಟರಿಗಾಗಿ 2019ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ನೊಬೆಲ್ ಪಡೆದ ಗುಡೆನಫ್ ಅವರೇ ಇವರು. ಅದರ ಹರಳಿನೊಳಗೆ ಸೋಡಿಯಂ ನುಸುಳುವಷ್ಟೇ ಅಗಲದ ಓಣಿಗಳಿವೆ.

ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತಿ, 1200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಸುಡುತ್ತೇವೆ. ಕುಲುಮೆಯಿಂದ ತೆಗೆದಾಗ ಅದು ನಾಣ್ಯದಷ್ಟು ಅಗಲದ, ಒಂದು ಮಿಲಿಮೀಟರ್ ದಪ್ಪದ ಬಿಳಿ ಬಿಲ್ಲೆ. ಉಗುರಿನಿಂದ ತಟ್ಟಿದರೆ ಟಣ್ ಎನ್ನಬೇಕು. ಸದ್ದು ಮೊಂಡಾಗಿದ್ದರೆ ಒಳಗೆಲ್ಲೋ ಬಿರುಕಿದೆ ಎಂದು ತಿಳಿದು ಪಕ್ಕಕ್ಕಿಡುತ್ತೇನೆ. ಐದು ಸುಟ್ಟರೆ ಎರಡು ಹಾಗೆಯೇ ಹೋಗುವ ದಿನಗಳಿವೆ. ಒಂದು ಕೂದಲೆಳೆಯ ಬಿರುಕಿದ್ದರೂ ನೀರು ಒಳಕೋಣೆಗೆ ಸೇರುತ್ತದೆ, ಅಲ್ಲಿರುವ ಸೋಡಿಯಂ ಲೋಹ ನೀರನ್ನು ಸಹಿಸುವುದಿಲ್ಲ. ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ನಾವು ಸೋಡಿಯಂ ಕತ್ತರಿಸುತ್ತೇವೆ. ಬೆಣ್ಣೆಯಂತೆ ಸುಲಭವಾಗಿ ಕೊಯ್ಯಬಹುದು, ಕೊಯ್ದ ಮುಖ ಕನ್ನಡಿಯಂತೆ ಹೊಳೆಯುತ್ತದೆ. ಅದೇ ತುಂಡು ಹೊರಗಿನ ಗಾಳಿಗೆ ಬಿದ್ದರೆ ನೋಡನೋಡುತ್ತಲೇ ಬೂದುಗಟ್ಟುತ್ತದೆ, ನೀರಿಗೆ ಬಿದ್ದರೆ ಹೊತ್ತಿ ಸಿಡಿಯುತ್ತದೆ. ಆದ್ದರಿಂದಲೇ ಲೋಹದ ಬದಲು ಗಟ್ಟಿ ಇಂಗಾಲದಲ್ಲಿ ಸೋಡಿಯಂ ಅನ್ನು ಅಡಗಿಸಿಡುವ ದಾರಿಯನ್ನೂ ಹುಡುಕಲಾಗಿದೆ.

ಚಳ್ಳಕೆರೆಯ ಅಣ್ಣನವರಿಗೆ ಇನ್ನೊಂದು ಮಾತು. "ಸಮುದ್ರ ಬೇಡ, ಅಂಗಡಿಯ ಉಪ್ಪನ್ನೇ ತೊಟ್ಟಿಗೆ ಸುರಿದರಾಯಿತು" ಎಂದು ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. 286 ಗ್ರಾಂ ಸೋಡಿಯಂ ಎಂದರೆ ಮುಕ್ಕಾಲು ಕಿಲೋಗೂ ತುಸು ಕಡಿಮೆ ಉಪ್ಪು, ಅದಕ್ಕೆ ಖರ್ಚೇನೂ ಇಲ್ಲ. ಆದರೆ ಸಣ್ಣ ತೊಟ್ಟಿಯಿಂದ ಸೋಡಿಯಂ ಒಳಗೆ ಹೋದಂತೆ ಹೊರಗೆ ಉಳಿಯುವುದು ಕ್ಲೋರೈಡ್ ಮತ್ತು ನೀರೊಡೆದು ಹುಟ್ಟಿದ ಆಮ್ಲ. ನೀರು ಹುಳಿಯಾಗುತ್ತ ಹೋದರೆ ಆಮ್ಲಜನಕದ ಬದಲು ಕ್ಲೋರಿನ್ ಏಳಲು ಶುರುವಾಗುತ್ತದೆ, ಅದು ಹಾಸನ್ನೂ ತಿನ್ನುತ್ತದೆ, ಹತ್ತಿರ ನಿಂತವರ ಮೂಗು ಗಂಟಲನ್ನೂ ಸುಡುತ್ತದೆ. ಕಡಲಿನಲ್ಲಿ ಈ ಆಮ್ಲವೂ ಕ್ಷಾರವೂ ಕ್ಷಣದಲ್ಲಿ ಕರಗಿ ಗುರುತಿಲ್ಲದಂತಾಗುತ್ತವೆ. ಸೋಡಿಯಂಗಿಂತ ಹೆಚ್ಚಾಗಿ ಕಡಲಿನ ಆ ವಿಸ್ತಾರವೇ ಈ ಬ್ಯಾಟರಿಯ ಮುಖ್ಯ ಭಾಗ ಎಂದು ನನ್ನ ಅಭಿಪ್ರಾಯ, ಮತ್ತು ಅದನ್ನು ಚಿತ್ರದುರ್ಗಕ್ಕೆ ಟ್ಯಾಂಕರಿನಲ್ಲಿ ತರಲಾಗದು.

ಗಾಳಿಯಂತ್ರ ನಿರ್ವಹಣಾ ತಂತ್ರಜ್ಞ, ಚಿತ್ರದುರ್ಗ

ತಂಗಿ ಬರೆದದ್ದನ್ನು ಒಪ್ಪುತ್ತೇನೆ. ಆದರೂ ಸೋಡಿಯಂ ಅನ್ನು ಇಲ್ಲಿಗೇ ಕೈಬಿಡಬಾರದು. ನಮ್ಮ ಗಾಳಿ ಮುಂಗಾರಿನ ನಾಲ್ಕು ತಿಂಗಳು ಜೋರು. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಉದ್ಯಾನವಿದೆ, ಅದರ ಕೆಲಸ ಹಗಲಿಗೆ ಮುಗಿಯುತ್ತದೆ. ಸಂಜೆ ಏಳಕ್ಕೆ ಊರೆಲ್ಲ ಸ್ವಿಚ್ ಒತ್ತುವ ಹೊತ್ತಿನಲ್ಲಿ ಕೂಡಿಟ್ಟದ್ದು ಬೇಕು. ಗುಡ್ಡದ ಬುಡದಲ್ಲಿ ಕೂರುವ ಬ್ಯಾಟರಿ ಓಡಾಡಬೇಕಾಗಿಲ್ಲ, ಹಾಗಾಗಿ ಅದು ಭಾರವಾಗಿದ್ದರೆ ತೊಂದರೆಯಿಲ್ಲ. ಅಗ್ಗವಾಗಿರಬೇಕು, ಬೆಂಕಿಗೆ ಅಂಜದಂತಿರಬೇಕು.

ಈ ಯೋಚನೆಯಿಂದಲೇ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಜೇ ವಿಟೇಕರ್ ಎಂಬ ಪ್ರಾಧ್ಯಾಪಕರು 2008ರಲ್ಲಿ ಆಕ್ವಿಯಾನ್ ಎಂಬ ಕಂಪನಿ ಕಟ್ಟಿದ್ದರು. ಅವರದು ಗೋಡೆಯೂ ಇಲ್ಲದ, ಸೋಡಿಯಂ ಲೋಹವೂ ಇಲ್ಲದ ಉಪ್ಪುನೀರಿನ ಬ್ಯಾಟರಿ. ನೀರಿನಲ್ಲಿ ಸೋಡಿಯಂ ಸಲ್ಫೇಟ್, ಒಂದು ಕಡೆ ಮ್ಯಾಂಗನೀಸ್ ಆಕ್ಸೈಡ್, ಇನ್ನೊಂದು ಕಡೆ ಇಂಗಾಲ ಬೆರೆತ ವಿದ್ಯುದ್ವಾರ. ಹೊತ್ತಿ ಉರಿಯುವ ಪದಾರ್ಥ ಒಂದೂ ಇಲ್ಲ. ಅದು ಮಾರುಕಟ್ಟೆಗೂ ಬಂದಿತ್ತು. ಅಷ್ಟರಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯಿತು, 2017ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಳ್ಳೆಯ ವಸ್ತು ಬೆಲೆಯಲ್ಲಿ ಸೋತದ್ದು ನನಗೆ ಇಂದಿಗೂ ಬೇಸರ ತರಿಸುತ್ತದೆ.

ರೈತ, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ಧನ್ಯವಾದಗಳು. ತೊಟ್ಟಿಯ ಆಸೆ ಬಿಟ್ಟೆ. ಆದರೆ ಒಂದು ವಿಷಯ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಚಾರ್ಜ್ ಆಗುವಾಗ ಉಪ್ಪು ನೀರಿನಿಂದ ಹೊರಹೋಗುತ್ತದೆ ಎಂದಿರಿ. ಹಾಗಾದರೆ ಒಂದೇ ಖರ್ಚಿನಲ್ಲಿ ಕರೆಂಟೂ ಕೂಡಿಟ್ಟಂತಾಯಿತು, ನೀರೂ ಸಿಹಿಯಾಯಿತು. ನಮಗೆ ಬೇಕಾದದ್ದು ಇವೆರಡೇ. ನಮ್ಮ ತಾಯಿಗೆ ಫ್ಲೋರೈಡ್ ನೀರಿನಿಂದ ಮೊಣಕಾಲು ಮಡಚಲಾಗದಂತಾಗಿದೆ. ಆ ಫ್ಲೋರೈಡನ್ನೂ ಇದು ತೆಗೆಯಬಲ್ಲುದೇ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ದಾವಣಗೆರೆ

ತಾಯಿಯವರ ವಿಷಯ ಓದಿ ನೋವಾಯಿತು. ಜಗಳೂರು ಕಡೆಯ ಹಳ್ಳಿಗಳಲ್ಲಿಯೂ ಇದನ್ನು ಕಂಡಿದ್ದೇನೆ. ನಿಮ್ಮ ತರ್ಕ ಸರಿಯಾದ ದಾರಿಯಲ್ಲೇ ಇದೆ. ಸಮುದ್ರದ ನೀರಿನ ಬ್ಯಾಟರಿಯಿಂದ ಉಪ್ಪಿಳಿಸುವ ಪ್ರಯತ್ನಗಳು ಉಲ್ಸಾನಿನಲ್ಲಿಯೇ ನಡೆದಿವೆ. ಆದರೆ ಆ ಗೋಡೆ ಸೋಡಿಯಂಗೆ ಮಾತ್ರ ಬಾಗಿಲು ತೆರೆಯುತ್ತದೆ. ಫ್ಲೋರೈಡ್ ಋಣ ಅಯಾನು, ಅದು ಹೊರಗಿನ ನೀರಿನಲ್ಲಿಯೇ ಉಳಿಯುತ್ತದೆ. ಋಣ ಅಯಾನುಗಳನ್ನು ಸೆಳೆಯಲು ಬೇರೊಂದು ಪೊರೆಯನ್ನು ಸೇರಿಸಬೇಕು, ಸೇರಿಸಿದರೂ ಸಾವಿರಾರು ಕ್ಲೋರೈಡುಗಳ ಗುಂಪಿನಲ್ಲಿ ನಾಲ್ಕಾರು ಫ್ಲೋರೈಡುಗಳನ್ನು ಆರಿಸುವ ಶಕ್ತಿ ಅದಕ್ಕಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ಎಂದು ನಮ್ಮ ಮಾನಕ ಹೇಳುತ್ತದೆ. ಅದಕ್ಕೆ ಇಂದಿನ ಶುದ್ಧೀಕರಣ ಘಟಕವೇ ದಾರಿ. ತಾಯಿಯವರಿಗೆ ಅಡುಗೆಗೂ ಆ ಘಟಕದ ಶುದ್ಧ ನೀರನ್ನೇ ಬಳಸಿ, ಕುಡಿಯಲು ಮಾತ್ರ ಎಂದು ಬಿಡಬೇಡಿ.

ಪದಾರ್ಥ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಊರು ಹೊಳಲ್ಕೆರೆ

ಒಳನಾಡಿಗೆ ಹೊಂದುವುದು ಸೋಡಿಯಂ ಅಯಾನು ಬ್ಯಾಟರಿ. ಅದರಲ್ಲಿ ಸೋಡಿಯಂ ಮುಚ್ಚಿದ ಡಬ್ಬಿಯೊಳಗೇ ಎರಡು ವಿದ್ಯುದ್ವಾರಗಳ ನಡುವೆ ಓಡಾಡುತ್ತದೆ, ಹೊರಗಿನ ನೀರೂ ಬೇಡ, ಕರಗಿದ ಆಮ್ಲಜನಕವೂ ಬೇಡ. ಲಿಥಿಯಂ ಬ್ಯಾಟರಿಯಲ್ಲಿ ಋಣ ಬದಿಗೆ ತಾಮ್ರದ ಹಾಳೆಯೇ ಆಗಬೇಕು. ಸೋಡಿಯಂ ಅಯಾನು ಬ್ಯಾಟರಿಯಲ್ಲಿ ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಸಾಕು, ಮೇಡಂ ಅವರ ಲೋಟದಲ್ಲಿದ್ದ ಲೋಹವೇ. ಚೀನಾದ ಸಿಎಟಿಎಲ್ ಕಂಪನಿ 2021ರಲ್ಲಿ ಪ್ರಕಟಿಸಿದ ಮೊದಲ ಪೀಳಿಗೆಯ ಸೆಲ್ಲು ಕಿಲೋಗೆ 160 ವ್ಯಾಟ್-ಗಂಟೆ ಹಿಡಿಯುತ್ತಿತ್ತು. ಗುಡ್ಡದ ಬುಡಕ್ಕೆ ಅಷ್ಟು ಧಾರಾಳವಾಯಿತು. ಸಮುದ್ರದ ನೀರಿನ ಬ್ಯಾಟರಿ ಕಾರವಾರದ ಬಂದರಿನ ತೇಲುದೀಪಕ್ಕೋ ಮೀನುಗಾರರ ಬಲೆಯ ಗುರುತಿಗೋ ಇರಲಿ. ಅಲ್ಲಿ ಅದಕ್ಕೆ ಸರಿಸಾಟಿಯಿಲ್ಲ.

ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ

ಇಷ್ಟೂ ಬರಹವನ್ನು ಮುದ್ರಿಸಿಕೊಂಡು ತರಗತಿಯಲ್ಲಿ ಓದಿದೆ. ನಿನ್ನೆ ನಾಲ್ಕೂ ಲೋಟಗಳ ಹಾಳೆಗಳನ್ನು ಹೊರತೆಗೆದು, ತೊಳೆದು, ಕಿಟಕಿಯ ಬೆಳಕಿಗೆ ಹಿಡಿದೆವು. ನೀರಿನಲ್ಲಿ ಮುಳುಗಿದ್ದ ಭಾಗದ ತುಂಬ ಸೂಜಿಯಿಂದ ಚುಚ್ಚಿದಂತೆ ರಂಧ್ರಗಳು, ಅಂಚಿನಲ್ಲಿ ಬಿಳಿಯ ಲೋಳೆ. ಮೇಲಿನ ಒಣಭಾಗ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಶಕ್ತಿ ಎಲ್ಲಿಂದ ಬಂತೆಂದು ಆಮೇಲೆ ಬಾಯಿಮಾತಿನಲ್ಲಿ ಹೇಳುವ ಅಗತ್ಯವೇ ಬರಲಿಲ್ಲ.

ಅದೇ ಹುಡುಗಿ, "ಕರೆಂಟು ಕೊಟ್ಟರೆ ಈ ತೂತುಗಳು ಮತ್ತೆ ಮುಚ್ಚಿಕೊಳ್ಳುತ್ತವೆಯೇ?" ಎಂದು ಕೇಳಿದಳು. ಒಂಬತ್ತು ವೋಲ್ಟಿನ ಸೆಲ್ಲನ್ನು ತಿರುಗುಮುರುಗಾಗಿ ಜೋಡಿಸಿ ತೋರಿಸಿದೆ. ಹಾಳೆಯ ಮೇಲೆ ಸಣ್ಣ ಗುಳ್ಳೆಗಳೆದ್ದವು, ರಂಧ್ರ ಒಂದೂ ಮುಚ್ಚಲಿಲ್ಲ. ಇದ್ದಿಲ ಬದಿಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಬರತೊಡಗಿದ್ದರಿಂದ ಕಿಟಕಿಗಳನ್ನೆಲ್ಲ ತೆರೆಸಿ ಕೂಡಲೇ ಸೆಲ್ಲನ್ನು ತೆಗೆದೆ. ಗುಳ್ಳೆಗಳು ಜಲಜನಕದ್ದು, ನೀರಿರುವ ಕಡೆ ಲೋಹದ ಬದಲು ಅದೇ ಹೊರಬೀಳುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು, "ಅದಕ್ಕೇ ಅವರು ನಡುವೆ ಗೋಡೆ ಕಟ್ಟಿ ಒಳಗೆ ನೀರು ಬಿಡದೆ ಇಟ್ಟಿದ್ದಾರೆ" ಎಂದಳು.

ಹೊಳಲ್ಕೆರೆಯ ಸಹೋದರಿ, ಸದ್ದು ಮೊಂಡಾಗಿದೆಯೆಂದು ನೀವು ಪಕ್ಕಕ್ಕಿಟ್ಟ ಬಿಲ್ಲೆ ಯಾವುದಾದರೂ ಇದ್ದರೆ, ಊರಿಗೆ ಬರುವಾಗ ಒಂದನ್ನು ತರಲಾದೀತೇ? ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ನೋಡಲಿ.